ಹೊಳೆಕಲ್ಲಿನಡಿಯ ಹುಳ, ಮಗುವಿನ ಕೈಯ ಗಾಳ

ಸ್ಕಾಟ್ಲೆಂಡಿನ ಉತ್ತರದಲ್ಲಿ ಸದರ್ಲೆಂಡ್ ಎಂಬ ಸೀಮೆಯಿದೆ. ಅಲ್ಲಿನ ಬ್ರೋರಾ ಊರಿನ ಹತ್ತಿರ ಹೊಳೆ ಕಾಯುವ ಕೆಲಸದಲ್ಲಿದ್ದವರೊಬ್ಬರ ಮಗಳು ಮೇಗನ್ ಬಾಯ್ಡ್. ಹುಟ್ಟಿದ್ದು 1915ರಲ್ಲಿ. ಹನ್ನೆರಡರ ಹುಡುಗಿಯಾಗಿದ್ದಾಗ ಆಕೆ ಬಾಬ್ ಟ್ರಸ್ಲರ್ ಎಂಬ ಕಾವಲುಗಾರರ ಬಳಿ ಸಾಲ್ಮನ್ ಮೀನಿನ ಗಾಳಕ್ಕೆ ಗರಿ ಕಟ್ಟುವುದನ್ನು ಕಲಿಯತೊಡಗಿದಳು. ಟ್ರಸ್ಲರ್ ಆಕೆಯ ಕೈಗೆ ಹೊಸ ಗರಿ, ಹೊಸ ದಾರ ಕೊಡಲಿಲ್ಲ. ಯಾರೋ ಬಳಸಿ ಬಿಟ್ಟ, ಫ್ಲೈ ಎಂಬ ಹಳೆಯ ಗರಿಗಾಳಗಳನ್ನು ಕೊಟ್ಟು ಬಿಚ್ಚಿಸಿದರು. ಸುತ್ತು ಸುತ್ತಾಗಿ ದಾರ ಬಿಚ್ಚಿ, ಗರಿಗಳನ್ನು ಒಂದೊಂದಾಗಿ ಬಿಡಿಸಿಟ್ಟುಕೊಂಡು, ಅದೇ ಸಾಮಾನಿನಿಂದ ಇನ್ನೂ ಚಿಕ್ಕ ಗಾಳಕ್ಕೆ ಮತ್ತೆ ಕಟ್ಟಬೇಕು. ಹಾಗೆ ಕಲಿತ ಹುಡುಗಿ ಮುಂದೆ ಬಹುಕಾಲ ವಿದ್ಯುತ್ತಿಲ್ಲದ ಪುಟ್ಟ ಮನೆಯೊಂದರಲ್ಲಿ, ಸಮುದ್ರದ ಕಡೆಗೆ ತೆರೆದ ಕಿಟಕಿಯ ಬೆಳಕಿನಲ್ಲಿ ಕೂತು ಜೀವಮಾನವೆಲ್ಲ ಫ್ಲೈ ಕಟ್ಟಿದರು. ಅಂದಿನ ಯುವರಾಜ ಚಾರ್ಲ್ಸ್ ಅವರ ಗಿರಾಕಿಗಳಲ್ಲಿ ಒಬ್ಬರಾಗಿದ್ದರು. 1971ರಲ್ಲಿ ಬ್ರಿಟಿಷ್ ಎಂಪೈರ್ ಪದಕ ಬಂತು. 2001ರಲ್ಲಿ ತೀರಿಕೊಂಡ ಅವರು ಒಂದು ಮೀನನ್ನೂ ಕೊಂದವರಲ್ಲ.

ಅಟ್ಲಾಂಟಿಕ್ಕಿನ ಆಚೆ ದಡದಲ್ಲೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇಂಥದ್ದೇ ಒಂದು ಕಲಿಕೆ ನಡೆಯಿತು. ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ರೂಬೆನ್ ಕ್ರಾಸ್ ಎಂಬ ಹೆಸರಾಂತ ಫ್ಲೈ ಕಟ್ಟುಗಾರರಿದ್ದರು. 1920ರ ದಶಕದ ಕೊನೆಗೆ ವಾಲ್ಟ್ ಡೆಟ್ ಎಂಬ ತರುಣ ಹಣ ಕೊಡುತ್ತೇನೆ, ಕಲಿಸಿ ಎಂದು ಕೇಳಿದರೆ ಕ್ರಾಸ್ ಒಪ್ಪಲಿಲ್ಲ. ಡೆಟ್, ಅವರ ಹೆಂಡತಿಯಾದ ವಿನಿ, ಗೆಳೆಯ ಹ್ಯಾರಿ ಡಾರ್ಬಿ ಸೇರಿ ಕ್ರಾಸ್ ಕಟ್ಟಿದ ಫ್ಲೈಗಳನ್ನೇ ಕೊಂಡುತಂದು ಬಿಚ್ಚಿ ಬಿಚ್ಚಿ ಗುಟ್ಟು ತಿಳಿದುಕೊಂಡರು. ಡೆಟ್ ದಂಪತಿಯ ಮಗಳು ಮೇರಿ ತಂದೆತಾಯಿಯಿಂದ ಕಲಿತು, ಆ ಮನೆತನದ ಅಂಗಡಿಯನ್ನು ಮುಂದೆ ತಾವೇ ನಡೆಸಿದರು.

ಮಕ್ಕಳಿಗೆ ಫ್ಲೈ ಕಟ್ಟಲು ಕಲಿಸುವ ಮಾತು ಬಂದಾಗಲೆಲ್ಲ ನನಗೆ ಈ ಎರಡು ಪ್ರಸಂಗ ನೆನಪಾಗುತ್ತವೆ. ಈಗ ಹೆಚ್ಚಿನ ಹಿರಿಯರು ಮಾಡುವುದು ಬೇರೆಯೇ. ಅಂಗಡಿಯಿಂದ ಒಂದು ಕಿಟ್ ತರುತ್ತಾರೆ, ಮೇಜಿಗೆ ಗಾಳ ಹಿಡಿಯುವ ವೈಸ್ ಬಿಗಿಯುತ್ತಾರೆ, ಮಗುವಿನ ಕೈಗೆ ದಾರ ಕೊಟ್ಟು ಸುತ್ತು ಎನ್ನುತ್ತಾರೆ. ಏನನ್ನು ಕಟ್ಟುತ್ತಿದ್ದೇನೆ, ಅದು ಯಾವುದರ ಹಾಗೆ ಕಾಣಬೇಕು, ಮೀನು ಅದಕ್ಕೆ ಏಕೆ ಬಾಯಿ ಹಾಕುತ್ತದೆ ಎಂಬುದು ಮಗುವಿಗೆ ತಿಳಿದಿರುವುದಿಲ್ಲ. ಅರ್ಧ ಗಂಟೆಯಲ್ಲಿ ಕೈ ಸೋಲುತ್ತದೆ, ಮನಸ್ಸು ಬೇರೆ ಕಡೆ ಹೋಗುತ್ತದೆ. ಕೈಗಿಂತ ಮೊದಲು ಕಣ್ಣಿಗೆ ಪಾಠವಾಗಬೇಕು. ಆ ಪಾಠ ಎರಡು ಕಡೆ ನಡೆಯುತ್ತದೆ. ಒಂದು ಹೊಳೆಯಲ್ಲಿ, ಇನ್ನೊಂದು ಬಿಚ್ಚಿದ ಹಳೆಯ ಫ್ಲೈಯಲ್ಲಿ.

ಫ್ಲೈ ಮೀನುಗಾರಿಕೆ ನಮ್ಮ ಓದುಗರಲ್ಲಿ ಹಲವರಿಗೆ ಹೊಸದು, ಆದ್ದರಿಂದ ಒಂದೆರಡು ಮಾತು. ನಾವು ಕಂಡ ಗಾಳದಲ್ಲಿ ಎರೆಹುಳ ಚುಚ್ಚಿ, ಸೀಸದ ಗುಂಡು ಕಟ್ಟಿ ಬೀಸುತ್ತಾರೆ. ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಎಂದರೆ ಗಾಳಕ್ಕೆ ಗರಿ, ಉಣ್ಣೆ, ರೋಮಗಳನ್ನು ದಾರದಿಂದ ಕಟ್ಟಿ ಮಾಡಿದ ಕೃತಕ ಹುಳ. ಅದಕ್ಕೆ ಭಾರವೇ ಇಲ್ಲವೆನ್ನಬೇಕು. ಇಲ್ಲಿ ಭಾರ ಇರುವುದು ದಪ್ಪನೆಯ ದಾರದಲ್ಲಿ. ಬೀಸಿದ ದಾರವೇ ಆ ಹಗುರ ಹುಳವನ್ನು ಒಯ್ದು ನೀರಿನ ಮೇಲೆ ಇಳಿಸುತ್ತದೆ. ನೀರಿನ ಮೇಲೆ ತೇಲುವುದು ಡ್ರೈ ಫ್ಲೈ, ತಳದಲ್ಲಿ ಹರಿದು ಬರುವ ಮರಿಹುಳದಂಥದ್ದು ನಿಂಫ್, ಸಣ್ಣ ಮೀನಿನ ಹಾಗೆ ಈಜುವುದು ಸ್ಟ್ರೀಮರ್.

ಈ ವಿದ್ಯೆ ಹಳೆಯದು. ಕ್ರಿ.ಶ. 200ರ ಆಸುಪಾಸಿನ ರೋಮನ್ ಲೇಖಕ ಈಲಿಯನ್ ಮ್ಯಾಸಿಡೋನಿಯಾದ ಹೊಳೆಯೊಂದರ ಜನರ ಬಗ್ಗೆ ಬರೆಯುತ್ತಾನೆ. ಅವರು ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಕಟ್ಟಿ ಮೀನು ಹಿಡಿಯುತ್ತಿದ್ದರಂತೆ. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಗಾಳದ ಮೀನುಗಾರಿಕೆಯ ಗ್ರಂಥದಲ್ಲಿ ಹನ್ನೆರಡು ಫ್ಲೈಗಳ ವಿವರವಿದೆ. ಉಣ್ಣೆ ಮತ್ತು ಕೋಳಿಯ ಗರಿ ಎಂಬ ಆ ಹಳೆಯ ಜೋಡಿಯೇ ಇಂದಿಗೂ ಮಗುವಿನ ಮೊದಲ ಫ್ಲೈಗೆ ಸಾಕು.

ಈಗ ಹೊಳೆಗೆ ಬರೋಣ. ಮೊಣಕಾಲಿಗಿಂತ ಕಡಿಮೆ ನೀರಿರುವ, ಕಲ್ಲುಗಳ ಮೇಲೆ ತಿಳಿಯಾಗಿ ಹರಿಯುವ ಜಾಗ ಹುಡುಕಬೇಕು. ಒಂದು ಬಿಳಿ ಪ್ಲಾಸ್ಟಿಕ್ ಬೇಸನ್, ಒಂದು ಭೂತಗನ್ನಡಿ ಸಾಕು. ಅಂಗೈಯಗಲದ ಕಲ್ಲನ್ನು ಮೆಲ್ಲನೆ ಎತ್ತಿ, ಅದರ ಅಡಿಭಾಗವನ್ನು ಬೇಸನ್ನಿನ ನೀರಿನಲ್ಲಿ ತೊಳೆದರೆ ಹುಳಗಳು ಬಿಳಿಯ ತಳದ ಮೇಲೆ ಓಡಾಡತೊಡಗುತ್ತವೆ. ಸಾಮಾನ್ಯವಾಗಿ ಮೂರು ಬಾಲದ ಎಳೆ, ಹೊಟ್ಟೆಯ ಇಕ್ಕೆಲದಲ್ಲೂ ಅಲುಗುವ ಕಿವಿರುಗಳಿದ್ದರೆ ಅದು ಮೇಫ್ಲೈಯ ಮರಿ. ಎರಡೇ ಬಾಲವಿದ್ದು ಕಾಲುಗಳು ದಪ್ಪಗಿದ್ದರೆ ಬಹುಮಟ್ಟಿಗೆ ಸ್ಟೋನ್‌ಫ್ಲೈ. ಮರಳು ಕಣ, ಕಡ್ಡಿಚೂರುಗಳನ್ನು ತನ್ನ ರೇಷ್ಮೆಯಿಂದ ಅಂಟಿಸಿ ಮನೆ ಮಾಡಿಕೊಂಡು, ಅದನ್ನು ಹೊತ್ತುಕೊಂಡೇ ನಡೆಯುವುದು ಕ್ಯಾಡಿಸ್. ಮಕ್ಕಳು ಇದನ್ನು ನೋಡಿದ ಮೇಲೆ ಬೇಸನ್ ಬಿಟ್ಟು ಏಳುವುದಿಲ್ಲ. ನೋಡಿದ್ದನ್ನು ಪುಸ್ತಕದಲ್ಲಿ ಬರೆಸಬೇಕು: ಎಷ್ಟು ಉದ್ದ, ಯಾವ ಬಣ್ಣ, ಎಲ್ಲಿ ದಪ್ಪ, ಎಲ್ಲಿ ಸಣ್ಣ. ಮುಂದೆ ಕಟ್ಟಬೇಕಾದ ಫ್ಲೈಗೆ ಈ ಚಿತ್ರವೇ ನಕ್ಷೆ.

ಮೇಫ್ಲೈಯ ಬಾಳನ್ನು ಮಕ್ಕಳಿಗೆ ಹೇಳಲೇಬೇಕು. ಎಷ್ಟೋ ಜಾತಿಗಳಲ್ಲಿ ಮರಿಹುಳ ಒಂದು ವರ್ಷದಷ್ಟು ಕಾಲ ಕಲ್ಲುಗಳ ನಡುವೆ ಪಾಚಿ ಮೇಯುತ್ತ ನೀರಿನಲ್ಲೇ ಇರುತ್ತದೆ. ಒಂದು ದಿನ ಮೇಲಕ್ಕೆ ಬಂದು, ಪೊರೆ ಬಿಟ್ಟು, ರೆಕ್ಕೆ ಬಿಚ್ಚಿ ಹಾರುತ್ತದೆ. ಆಮೇಲೆ ಇನ್ನೊಮ್ಮೆ ಪೊರೆ ಕಳಚುತ್ತದೆ. ರೆಕ್ಕೆ ಮೂಡಿದ ಮೇಲೂ ಪೊರೆ ಬಿಡುವ ಕೀಟ ಈಗಿರುವವುಗಳಲ್ಲಿ ಇದೊಂದೇ. ರೆಕ್ಕೆ ಬಂದ ಮೇಲೆ ಅದಕ್ಕೆ ಊಟವಿಲ್ಲ, ಉಣ್ಣಬಲ್ಲ ಬಾಯಿಯೇ ಇರುವುದಿಲ್ಲ. ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ ಬದುಕಿ, ಕೂಡಿ, ಮೊಟ್ಟೆಯಿಟ್ಟು ನೀರಿನ ಮೇಲೆ ಬೀಳುತ್ತದೆ. ಟ್ರೌಟ್ ಮೀನು ಈ ಪ್ರತಿ ಹಂತದಲ್ಲೂ ಅದನ್ನು ತಿನ್ನುತ್ತದೆ. ಆದ್ದರಿಂದಲೇ ಒಂದೇ ಹುಳಕ್ಕೆ ಇಷ್ಟೊಂದು ಬಗೆಯ ಫ್ಲೈಗಳು. ಮುಂಗಾರಿನ ಮೊದಲ ಮಳೆಗೆ ಈಸಲು ಎದ್ದಾಗ ಕೆರೆಯ ಮೀನುಗಳು ಮೇಲೆ ಬಂದು ಬಾಯಿ ಹಾಕುವುದನ್ನು ಕಂಡ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಳೆ ನೀರು ಸೇರಿದ ಹೊಳೆಯಲ್ಲಿ ಈ ಹುಳಗಳಲ್ಲಿ ಹೆಚ್ಚಿನವು ಬಾಳುವುದಿಲ್ಲ. ನೀರಿನ ಗುಣ ಅಳೆಯುವ ವಿಜ್ಞಾನಿಗಳು ಇವೇ ಮೂರು ಗುಂಪುಗಳನ್ನು ಎಣಿಸಿ ಹೊಳೆಯ ಆರೋಗ್ಯ ಹೇಳುತ್ತಾರೆ. ಫ್ಲೈ ಕಟ್ಟಲೆಂದು ಹುಳ ನೋಡಿದ ಮಗು ಹಾಗೆ ತಿಳಿಯದೆಯೇ ಆ ವಿಜ್ಞಾನದ ಹೊಸಿಲು ದಾಟಿರುತ್ತದೆ.

ಇನ್ನು ಕಟ್ಟುವ ಮೇಜು. ಮೊದಲ ಫ್ಲೈ ಯಾವುದಿರಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ: ವೂಲಿ ವರ್ಮ್. ಕಂಬಳಿಹುಳದಂಥ ದೊಡ್ಡ, ಒರಟು ಫ್ಲೈ. ಅದಕ್ಕೆ ಬಾಲವಾಗಿ ಟರ್ಕಿ ಕೋಳಿಯ ಮೃದುವಾದ ತುಪ್ಪುಳ ಸೇರಿಸಿದರೆ ವೂಲಿ ಬಗರ್ ಆಗುತ್ತದೆ. ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸಿಂಗ್ 1967ರ ಸುಮಾರಿಗೆ ರೂಪಿಸಿದ ಆ ಫ್ಲೈ ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವವುಗಳಲ್ಲಿ ಒಂದು. ಗಾಳದ ಅಳತೆಯಲ್ಲಿ ಅಂಕಿ ದೊಡ್ಡದಾದಷ್ಟೂ ಗಾಳ ಚಿಕ್ಕದು. ಬಲ್ಲವರು 16, 18, 20ರ ಗಾಳಗಳಿಗೆ ಸೊಳ್ಳೆಯಷ್ಟು ಫ್ಲೈ ಕಟ್ಟುತ್ತಾರೆ. ಮಗುವಿಗೆ 6 ಅಥವಾ 8ರ ಉದ್ದ ಕಡ್ಡಿಯ ಗಾಳ ಕೊಡಿ. ದಾರವೂ ದಪ್ಪಗಿರಲಿ, ಗಾಳದ ಮೇಲೆ ಎದ್ದು ಕಾಣುವ ಬಣ್ಣದ್ದಿರಲಿ.

ವೈಸ್ ಗಾಳವನ್ನು ಹಿಡಿದು ನಿಲ್ಲಿಸುತ್ತದೆ. ಬಾಬಿನ್ ದಾರದ ಉರುಳೆಯನ್ನು ಹಿಡಿದಿರುತ್ತದೆ. ಕೈ ಬಿಟ್ಟರೆ ತನ್ನ ಭಾರಕ್ಕೆ ತಾನೇ ತೂಗಿ ದಾರ ಸಡಿಲವಾಗದಂತೆ ನೋಡಿಕೊಳ್ಳುತ್ತದೆ. ಮಕ್ಕಳಿಗೆ ಇದು ದೊಡ್ಡ ಸಮಾಧಾನ. ಏನು ತಪ್ಪಿದರೂ ಬಾಬಿನ್ ಬಿಟ್ಟು ಉಸಿರೆಳೆದುಕೊಳ್ಳಬಹುದು, ಕಟ್ಟಿದ್ದು ಬಿಚ್ಚಿಹೋಗುವುದಿಲ್ಲ. ಮೊದಲ ದಿನ ಗರಿಯ ತಂಟೆಗೇ ಹೋಗಬಾರದು. ಬರಿಯ ಗಾಳ, ಬರಿಯ ದಾರ. ದಾರದ ತುದಿಯನ್ನು ಕಡ್ಡಿಯ ಮೇಲಿಟ್ಟು, ಅದರ ಮೇಲೆ ದಾರವನ್ನೇ ಐದಾರು ಸುತ್ತು ಹಾಯಿಸಿದರೆ ತುದಿ ತಾನಾಗಿ ಸಿಕ್ಕಿಕೊಳ್ಳುತ್ತದೆ. ಗಂಟಿನ ಅಗತ್ಯವೇ ಇಲ್ಲ. ಗಂಟಿಲ್ಲದೆ ದಾರ ನಿಂತಿತಲ್ಲ ಎಂಬ ಬೆರಗು ಮಗುವಿನ ಮುಖದಲ್ಲಿ ಕಾಣುತ್ತದೆ. ಅಲ್ಲಿಂದ ಹಿಂದಕ್ಕೆ ಬಾಗಿನವರೆಗೆ, ಮತ್ತೆ ಮುಂದಕ್ಕೆ, ಒಂದರ ಪಕ್ಕಕ್ಕೊಂದು ಸುತ್ತು. ಎಷ್ಟು ಬಿಗಿದರೆ ದಾರ ಹರಿಯುತ್ತದೆ ಎಂದು ತಿಳಿಯಲು ಬೇಕೆಂದೇ ಒಂದೆರಡು ಸಲ ಹರಿಸಲಿ. ಮಲ್ಲಿಗೆ ದಂಡೆ ಕಟ್ಟುವ ಮನೆಯ ಮಕ್ಕಳಿಗೆ ಈ ಹದ ಬೇಗ ಸಿಗುತ್ತದೆ: ಬಿಗಿ ಹೆಚ್ಚಿದರೆ ತೊಟ್ಟು ಕತ್ತರಿಸುತ್ತದೆ, ಕಡಿಮೆಯಾದರೆ ಹೂ ಉದುರುತ್ತದೆ.

ಎರಡನೆಯ ಸಲಕ್ಕೆ ಉಣ್ಣೆ, ಗರಿ. ಬಾಗಿನ ಬಳಿ ಕೆಂಪು ಉಣ್ಣೆಯ ಚಿಕ್ಕ ಎಳೆಯೊಂದನ್ನು ಬಾಲವಾಗಿ ಕಟ್ಟುವುದು. ಅದೇ ಜಾಗದಲ್ಲಿ ಹುಂಜದ ಕತ್ತಿನ ಗರಿಯನ್ನು ಅದರ ತೆಳು ತುದಿಯಿಂದ ಕಟ್ಟುವುದು. ತುದಿಯಿಂದ ಕಟ್ಟಿದರೆ ಸುತ್ತುತ್ತ ಬಂದ ಹಾಗೆ ಎಳೆಗಳು ಮುಂದಕ್ಕೆ ಉದ್ದವಾಗುತ್ತ ಬರುತ್ತವೆ. ಆಮೇಲೆ ಶೆನೀಲ್ ಎಂಬ ರೋಮದ ನೂಲು. ಅದರ ತುದಿಯ ರೋಮವನ್ನು ಉಗುರಿನಿಂದ ಸ್ವಲ್ಪ ಕೆರೆದು, ಒಳಗಿನ ದಾರ ಕಾಣುವಂತೆ ಮಾಡಿ ಕಟ್ಟಿದರೆ ಗುಬುಟು ಏಳುವುದಿಲ್ಲ. ಬಾಬಿನ್ನಿನ ದಾರವನ್ನು ಮುಂದಕ್ಕೆ ತಂದು ಬಿಟ್ಟು, ಶೆನೀಲನ್ನು ಒತ್ತೊತ್ತಾಗಿ ಸುತ್ತುತ್ತ ಬಂದು ಕಟ್ಟಬೇಕು. ಕೊನೆಗೆ ಗರಿಯನ್ನು ಅದರ ಮೇಲೆ ಅಂತರ ಬಿಟ್ಟು ಐದಾರು ಸುತ್ತು ತಂದು ಕಟ್ಟಿದರೆ ಮೈತುಂಬ ಕಾಲುಗಳಿರುವ ಹುಳ ಎದ್ದು ನಿಲ್ಲುತ್ತದೆ.

ಬಹುತೇಕ ಎಲ್ಲ ಮಕ್ಕಳೂ ಎಡವುವ ಒಂದು ಜಾಗವಿದೆ. ಗಾಳದ ಕಣ್ಣಿನವರೆಗೂ ಸುತ್ತಿಬಿಡುತ್ತಾರೆ. ಆಮೇಲೆ ತಲೆ ಕಟ್ಟಲು ಜಾಗವಿಲ್ಲ, ಗಾಳದ ದಾರ ಪೋಣಿಸಲು ತೂತೂ ಇಲ್ಲ. ಹೇಳಿದರೆ ಇದು ತಲೆಗೆ ಹೋಗುವುದಿಲ್ಲ. ಕಣ್ಣಿನ ಹಿಂದೆ ಒಂದು ಬಣ್ಣದ ದಾರವನ್ನು ಎರಡು ಸುತ್ತು ಸುತ್ತಿ, ಇದು ಗಡಿ, ದಾಟಬೇಡ ಎಂದರೆ ಹೋಗುತ್ತದೆ. ತುದಿಗಂಟು ಹಾಕುವುದೂ ಕಷ್ಟದ್ದೇ. ಅದಕ್ಕೆಂದು ಸಿಗುವ ಉಪಕರಣ ಪುಟ್ಟ ಕೈಗೆ ಬಗ್ಗುವುದಿಲ್ಲ. ರೀಫಿಲ್ ತೆಗೆದ ಬಾಲ್‌ಪೆನ್ನಿನ ಮೂತಿಗೆ ದಾರವನ್ನು ಒಂದು ಕುಣಿಕೆ ಸುತ್ತಿ, ಮೂತಿಯನ್ನು ಗಾಳದ ಕಣ್ಣಿಗೆ ಸಿಕ್ಕಿಸಿ, ಕುಣಿಕೆಯನ್ನು ಜಾರಿಸಿ ಎಳೆದರೆ ಅರೆಗಂಟು ಬೀಳುತ್ತದೆ. ಹಾಗೆ ಮೂರು ಸಲ ಹಾಕಿ ಒಂದು ಹನಿ ನೇಲ್ ಪಾಲಿಶ್ ಮುಟ್ಟಿಸಿದರೆ ಸಾಕು.

ಹಿರಿಯರ ಕೈಯ ಬಗ್ಗೆ ಇಲ್ಲಿ ಗಟ್ಟಿಯಾಗಿ ಒಂದು ಮಾತು ಹೇಳಬೇಕು. ಮಗುವಿನ ಫ್ಲೈಯನ್ನು ತಿದ್ದಬೇಡಿ. ಕೊಡು, ನಾನು ಸರಿ ಮಾಡಿಕೊಡುತ್ತೇನೆ ಎಂದು ಬಾಬಿನ್ ಕಿತ್ತುಕೊಂಡ ಕ್ಷಣದಿಂದ ಅದು ಮಗುವಿನ ಫ್ಲೈಯಾಗಿ ಉಳಿಯುವುದಿಲ್ಲ, ಮಗುವಿಗೆ ಅದು ಚೆನ್ನಾಗಿ ಗೊತ್ತು. ಕಲಿಸುವವರು ಪಕ್ಕದಲ್ಲಿ ತಮ್ಮದೇ ವೈಸ್ ಇಟ್ಟುಕೊಂಡು, ಒಂದೊಂದೇ ಹೆಜ್ಜೆ ಕಟ್ಟಿ ತೋರಿಸಿ, ಕೈ ಕಟ್ಟಿ ಕಾಯಬೇಕು. ಮಗು ಎಡಗೈ ಬಳಸುವುದಾದರೆ ಎದುರಿಗೆ ಕೂರಬೇಕು. ಆಗ ಬಲಗೈಯವರ ಚಲನೆ ಕನ್ನಡಿಯಲ್ಲಿ ಕಂಡಂತೆ ಮಗುವಿಗೆ ನೇರವಾಗಿ ಕಾಣುತ್ತದೆ. ಕೆಟ್ಟುಹೋದ ಫ್ಲೈಯನ್ನು ಹಿರಿಯರು ಬ್ಲೇಡಿನಿಂದ ಕೆರೆದು ಗಾಳವನ್ನು ಹಿಂದಿರುಗಿಸಿದರೆ ಸಾಮಾನೂ ಹಾಳಾಗುವುದಿಲ್ಲ, ಮಗುವಿಗೆ ನಾಚಿಕೆಯೂ ಇಲ್ಲ. ಒಂದೇ ಫ್ಲೈಯನ್ನು ಬೇಸರ ಬರುವವರೆಗೆ ಕಟ್ಟಿಸಬೇಕು. ದಿನಕ್ಕೊಂದು ಹೊಸ ಫ್ಲೈ ತೋರಿಸುವವರು ಮಕ್ಕಳನ್ನು ರಂಜಿಸುತ್ತಾರೆ. ಅವರ ಕೈ ಮಾತ್ರ ಕಲಿಯುವುದಿಲ್ಲ.

ಎರಡನೆಯ ಫ್ಲೈಗೆ ಫ್ರ್ಯಾಂಕ್ ಸಾಯರ್ ಅವರತ್ತ ನೋಡಬಹುದು. ಇಂಗ್ಲೆಂಡಿನ ವಿಲ್ಟ್‌ಶೈರಿನಲ್ಲಿ ಏವನ್ ಹೊಳೆಯ ಕಾವಲುಗಾರರಾಗಿದ್ದ ಸಾಯರ್ ಜೀವಮಾನವಿಡೀ ನೀರಿನೊಳಗಿನ ಮರಿಹುಳಗಳನ್ನು ನೋಡಿದವರು. 1958ರಲ್ಲಿ ನಿಂಫ್‌ಗಳ ಬಗ್ಗೆಯೇ ಪುಸ್ತಕ ಬರೆದರು. ಅವರ ಫೆಸಂಟ್ ಟೇಲ್ ನಿಂಫ್‌ಗೆ ದಾರವೂ ಬೇಡ. ಫೆಸಂಟ್ ಹಕ್ಕಿಯ ಬಾಲದ ಕೆಂಗಂದು ಎಳೆಗಳು, ಕೂದಲಿನಷ್ಟು ಸಣ್ಣ ತಾಮ್ರದ ತಂತಿ, ಇಷ್ಟೇ. ತಂತಿಯೇ ಕಟ್ಟುತ್ತದೆ, ತಂತಿಯೇ ಭಾರವಾಗಿ ಮುಳುಗಿಸುತ್ತದೆ, ತಂತಿಯೇ ಗರಿಯ ಸಂದಿಯಲ್ಲಿ ಮಿನುಗುತ್ತದೆ. ಹೊಳೆಯಲ್ಲಿ ಮೇಫ್ಲೈ ಮರಿಯ ಚಿತ್ರ ಬರೆದ ಮಗು ಇದನ್ನು ಕಟ್ಟುವಾಗ ಎದೆ ದಪ್ಪ, ಹೊಟ್ಟೆ ಸಣ್ಣ, ಬಾಲ ಮೂರೆಳೆ ಎಂದು ತಾನೇ ಹೇಳಿಕೊಳ್ಳುತ್ತದೆ. ಎರಡೇ ಸಾಮಾನಿನಲ್ಲಿ ಇಷ್ಟು ದೂರ ಹೋದ ಫ್ಲೈ ಇನ್ನೊಂದಿಲ್ಲವೆಂದೇ ನನ್ನ ಎಣಿಕೆ.

ಜೋಪಾನದ ಮಾತು ಚಿಕ್ಕದು, ಆದರೆ ಬಿಡುವಂಥದ್ದಲ್ಲ. ಗಾಳದ ಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿರಬೇಕು. ಬೆರಳಿಗೆ ಚುಚ್ಚಿದರೂ ಸುಲಭವಾಗಿ ಹೊರಬರುತ್ತದೆ, ಮೀನಿಗೂ ಅದೇ ಒಳಿತು. ತೀರ ಚಿಕ್ಕವರಿಗೆ ಮೊನೆಯನ್ನೇ ಕತ್ತರಿಸಿ ಕೊಡಬಹುದು. ವೈಸಿನಲ್ಲಿ ಬಿಗಿಯುವಾಗ ಗಾಳ ಮುರಿದು ಸಿಡಿಯುವುದುಂಟು, ಆದ್ದರಿಂದ ಕಣ್ಣಿಗೆ ಕನ್ನಡಕ ಬೇಕು. ಫ್ಲೈಗೆ ಭಾರ ಕೊಡಲು ಹಿಂದೆ ಸೀಸದ ತಂತಿ ಸುತ್ತುತ್ತಿದ್ದರು. ಮಕ್ಕಳ ಮೇಜಿನ ಮೇಲೆ ಸೀಸ ಬರಲೇಬಾರದು. ಬ್ರಿಟನ್ 1987ರಲ್ಲೇ ಬಹುತೇಕ ಗಾತ್ರದ ಸೀಸದ ಗುಂಡುಗಳನ್ನು ನಿಷೇಧಿಸಿತು, ಅವುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದುದೇ ಕಾರಣ. ಈಗ ಹಿತ್ತಾಳೆ, ಟಂಗ್‌ಸ್ಟನ್ ಮಣಿಗಳು ಸಿಗುತ್ತವೆ.

ಕಟ್ಟಿದ ಫ್ಲೈ ನೀರಿಗೆ ಇಳಿಯಬೇಕು. ಅಂದವಾಗಿಲ್ಲ ಎಂದು ಪೆಟ್ಟಿಗೆಯಲ್ಲಿಟ್ಟರೆ ಪಾಠ ಅರ್ಧಕ್ಕೇ ನಿಂತಿತು. ಮೀನು ನೋಡುವುದು ಗಾತ್ರ, ಆಕಾರ, ಚಲನೆ. ಸುತ್ತು ನೇರವಾಗಿದೆಯೇ ಎಂದು ಅದು ಪರೀಕ್ಷಿಸುವುದಿಲ್ಲ. ಎಳೆ ಎದ್ದು ಕೆದರಿದ ಫ್ಲೈ ನೀರಿನಲ್ಲಿ ಜೀವವಿದ್ದಂತೆ ಅಲುಗುವುದನ್ನು ಮೀನುಗಾರರು ಎಲ್ಲೆಡೆ ಕಂಡಿದ್ದಾರೆ. ಮೊದಲಿಗೆ ಟ್ರೌಟ್ ಬೇಡ, ಅದು ಬೆದರುವ ಮೀನು. ಅಮೆರಿಕದಲ್ಲಿ ಕಲಿಸುವವರು ಮಕ್ಕಳನ್ನು ಕೆರೆಯಂಥ ಕೊಳಗಳಿಗೆ ಒಯ್ಯುತ್ತಾರೆ. ಅಲ್ಲಿ ಬ್ಲೂಗಿಲ್ ಎಂಬ ಅಂಗೈಯಗಲದ ಮೀನು ಧಾರಾಳ, ಬಿದ್ದದ್ದಕ್ಕೆಲ್ಲ ಬಾಯಿ ಹಾಕುತ್ತದೆ. ತಾನು ಕಟ್ಟಿದ ಹುಳವನ್ನು ಮೀನು ಹುಳವೆಂದೇ ನಂಬಿದ್ದನ್ನು ಕಂಡ ಮಗುವಿಗೆ ಬೇರೆ ಬಹುಮಾನ ಬೇಕಿಲ್ಲ.

ಈ ಕಲೆ ಗಂಡುಮಕ್ಕಳಿಗೆ ಎಂಬ ಭಾವನೆಯಿದ್ದರೆ ಅದಕ್ಕೆ ಇತಿಹಾಸದಲ್ಲಿ ಆಧಾರವಿಲ್ಲ. ಒಂದೇ ಹೆಸರಿನ ಫ್ಲೈ ಊರೂರಿಗೆ ಬೇರೆ ಬೇರೆಯಾಗಿದ್ದ ಗೊಂದಲವನ್ನು 1892ರ ತಮ್ಮ ದೊಡ್ಡ ಗ್ರಂಥದಿಂದ ತಹಬಂದಿಗೆ ತಂದವರು ವರ್ಮಾಂಟಿನ ಮೇರಿ ಆರ್ವಿಸ್ ಮಾರ್ಬರಿ. ಮೇನ್ ರಾಜ್ಯದ ಕ್ಯಾರಿ ಸ್ಟೀವನ್ಸ್ ಹೆಂಗಸರ ಟೋಪಿಗಳಿಗೆ ಗರಿ ಜೋಡಿಸುವ ಕಸುಬಿನವರು. ವೈಸಿಲ್ಲದೆ ಬೆರಳುಗಳಲ್ಲೇ ಗಾಳ ಹಿಡಿದು ಕಟ್ಟುತ್ತಿದ್ದ ಅವರು 1924ರಲ್ಲಿ ತಾವೇ ರೂಪಿಸಿದ ಫ್ಲೈಯಿಂದ ಮೂರು ಕಿಲೋ ದಾಟಿದ ಬ್ರೂಕ್ ಟ್ರೌಟ್ ಹಿಡಿದರು. ಅವರ ಗ್ರೇ ಗೋಸ್ಟ್ ಫ್ಲೈಯನ್ನು ಇಂದಿಗೂ ಜನ ಕಟ್ಟುತ್ತಾರೆ.

ಗರಿ ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರ ಪ್ರಾಮಾಣಿಕವಾಗಿರಬೇಕು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಸಾಲ್ಮನ್ ಫ್ಲೈಗಳು ಬೆಡಗಿನ ವಸ್ತುಗಳಾದವು, ಜಗತ್ತಿನ ಮೂಲೆಮೂಲೆಯ ಹಕ್ಕಿಗಳ ಗರಿ ಅದಕ್ಕೆ ಬಳಕೆಯಾಯಿತು. ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಗೂ ಅದರಲ್ಲಿ ಪಾಲಿದೆ. ಹುಂಜದ ಕತ್ತಿನ ಗರಿಗಳ ಮೇಲೆ ಮೇಣ ಹನಿಸಿದಂಥ ಹಳದಿ-ಬಿಳಿ ಚುಕ್ಕೆಗಳಿರುತ್ತವೆ. ಅವು ಫ್ಲೈಯ ಕೆನ್ನೆಯಲ್ಲಿ ಕಣ್ಣಿನ ಹಾಗೆ ಕಾಣುತ್ತವೆ ಎಂದು ಯುರೋಪಿನಲ್ಲಿ ಭಾರಿ ಬೇಡಿಕೆಯಿತ್ತು. ಈಗ ಭಾರತದಲ್ಲಿ ಕಾಡುಕೋಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಯುರೋಪಿನ ಕಟ್ಟುಗಾರರು ಅಲ್ಲೇ ಸಾಕಿದ ಹಕ್ಕಿಗಳ ಗರಿ ಬಳಸುತ್ತಾರೆ. ಹಲವು ಫ್ಲೈಗಳ ಮೈಗೆ ಸುತ್ತುವ ಹಸಿರುಗಂಚಿನ ಹೊಳಪಿನ ಎಳೆಗಳು ನವಿಲುಗರಿಯವು. ತಾನಾಗಿ ಉದುರಿದ ನವಿಲುಗರಿಯನ್ನು ದೇಶದೊಳಗೆ ಇಟ್ಟುಕೊಳ್ಳಲು ನಮ್ಮ ಕಾಯ್ದೆ ಬಿಡುತ್ತದೆ, ಹೊರದೇಶಕ್ಕೆ ಕಳಿಸಲು ಬಿಡುವುದಿಲ್ಲ.

ಗರಿಯ ಮೋಹ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ 2009ರ ಜೂನ್ ತಿಂಗಳ ಒಂದು ರಾತ್ರಿ ಸಾಕ್ಷಿ. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಕೊಳಲು ಕಲಿಯುತ್ತಿದ್ದ ಅಮೆರಿಕನ್ ಯುವಕನೊಬ್ಬ ಟ್ರಿಂಗ್ ಪಟ್ಟಣದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಶಾಖೆಯ ಕಿಟಕಿ ಒಡೆದು ನುಗ್ಗಿ 299 ಹಕ್ಕಿಗಳ ಒಣಚರ್ಮಗಳನ್ನು ಕದ್ದ. ಅವುಗಳಲ್ಲಿ ಕೆಲವು ಆಲ್ಫ್ರೆಡ್ ರಸೆಲ್ ವಾಲೆಸ್ ಹತ್ತೊಂಬತ್ತನೆಯ ಶತಮಾನದಲ್ಲಿ ಸಂಗ್ರಹಿಸಿದಂಥವು. ಹಲವು ಹಕ್ಕಿಗಳ ಕಾಲಿಗೆ ಕಟ್ಟಿದ್ದ ಚೀಟಿ ಕಿತ್ತುಹೋಗಿ, ಎಲ್ಲಿ ಯಾವಾಗ ಸಿಕ್ಕಿದ್ದೆಂಬ ಮಾಹಿತಿ ಅಳಿಸಿಹೋಯಿತು. ಗರಿಗಳು ಸಾಲ್ಮನ್ ಫ್ಲೈ ಕಟ್ಟುವ ಹವ್ಯಾಸಿಗಳಿಗೆ ಮಾರಾಟವಾದವು. ಕರ್ಕ್ ವಾಲೆಸ್ ಜಾನ್ಸನ್ 2018ರಲ್ಲಿ ಈ ಕಳವಿನ ಬಗ್ಗೆ ಪುಸ್ತಕ ಬರೆದಿದ್ದಾರೆ. ಆ ಯುವಕ ಬಾಲ್ಯದಲ್ಲೇ ಫ್ಲೈ ಕಟ್ಟಲು ಕಲಿತು ಎಳೆಯ ಪ್ರತಿಭೆಯೆಂದು ಹೊಗಳಿಸಿಕೊಂಡವನು. ನೀರಿಗೆ ಎಂದೂ ಇಳಿಯದ, ಚೌಕಟ್ಟಿನಲ್ಲಿ ಇಟ್ಟು ನೋಡುವುದಕ್ಕೆಂದೇ ಕಟ್ಟುವ ಫ್ಲೈಗಳ ಲೋಕ ಅದು. ಮಗುವಿಗೆ ಮೊದಲು ಹೊಳೆ ತೋರಿಸಬೇಕು ಎಂದು ನಾನು ಇಷ್ಟು ಹಟ ಹಿಡಿಯಲು ಈ ಘಟನೆಯೂ ಒಂದು ಕಾರಣ. ಕೋಳಿಯ ಗರಿ, ಉಣ್ಣೆ, ಮನೆಯ ನಾಯಿಯನ್ನು ಬಾಚಿದಾಗ ಬಂದ ರೋಮ, ಇಷ್ಟರಲ್ಲೇ ಮೀನು ಹಿಡಿಯುವ ಫ್ಲೈ ಆಗುತ್ತದೆ ಎಂದು ಕೈಯಾರೆ ಕಂಡವರಿಗೆ ಅಪರೂಪದ ಗರಿಯ ಆಸೆ ಅಷ್ಟಾಗಿ ಹತ್ತುವುದಿಲ್ಲ.

ಅಮೆರಿಕದಲ್ಲಿ ಈ ಕಲಿಕೆಗೆ ಏರ್ಪಾಡುಗಳಿವೆ. ಸ್ಕೌಟ್ ಸಂಸ್ಥೆಯ ಫ್ಲೈ ಮೀನುಗಾರಿಕೆಯ ಬ್ಯಾಡ್ಜ್ ಬೇಕಾದರೆ ಮಗು ಕನಿಷ್ಠ ಎರಡು ಬಗೆಯ ಫ್ಲೈ ಕಟ್ಟಿ ತೋರಿಸಬೇಕು. ಮಿಷಿಗನ್ನಿನಲ್ಲಿ 1959ರಲ್ಲಿ ಹುಟ್ಟಿದ ಟ್ರೌಟ್ ಅನ್‌ಲಿಮಿಟೆಡ್ ಸಂಸ್ಥೆ ಶಾಲೆಗಳಿಗೆ ಟ್ರೌಟ್ ಮೊಟ್ಟೆ ಒದಗಿಸುವ ಕೆಲಸದಲ್ಲಿ ಕೈಜೋಡಿಸಿದೆ. ಮಕ್ಕಳು ತರಗತಿಯ ತಣ್ಣೀರಿನ ತೊಟ್ಟಿಯಲ್ಲಿ ಮರಿ ಮಾಡಿಸಿ, ತಿಂಗಳುಗಟ್ಟಲೆ ಸಾಕಿ, ವಸಂತದಲ್ಲಿ ಹೊಳೆಗೆ ಬಿಡುತ್ತಾರೆ. ದಿ ಮೇಫ್ಲೈ ಪ್ರಾಜೆಕ್ಟ್ ಎಂಬ ಸಂಘಟನೆ ತಂದೆತಾಯಿಯಿಂದ ದೂರವಾಗಿ ಬೇರೆಯವರ ಆಶ್ರಯದಲ್ಲಿ ಬೆಳೆಯುವ ಮಕ್ಕಳಿಗೆ ಒಬ್ಬೊಬ್ಬ ಹಿರಿಯರನ್ನು ಜೊತೆ ಮಾಡಿ ಫ್ಲೈ ಮೀನುಗಾರಿಕೆ ಕಲಿಸುತ್ತದೆ. ಹೊಳೆ ಹೆಪ್ಪುಗಟ್ಟುವ ಚಳಿಗಾಲವೇ ಅಲ್ಲಿ ಫ್ಲೈ ಕಟ್ಟುವ ಕಾಲ. ಸ್ಥಳೀಯ ಸಂಘಗಳು ಸಂಜೆಯ ತರಗತಿ ನಡೆಸುತ್ತವೆ, ಹಲವು ಕಡೆ ವೈಸು, ದಾರ, ಗರಿಗಳನ್ನು ಅವರೇ ಕೊಡುತ್ತಾರೆ. ಅಮೆರಿಕ, ಬ್ರಿಟನ್‌ಗಳಲ್ಲಿ ನೆಲೆಸಿದ ಕನ್ನಡದ ತಂದೆತಾಯಂದಿರು ಚಳಿಗಾಲದಲ್ಲಿ ಮಕ್ಕಳನ್ನು ಇಂಥ ತರಗತಿಗೆ ಕರೆದೊಯ್ಯಲಿ ಎಂಬುದು ನನ್ನ ಕೋರಿಕೆ. ಆ ಊರಿನ ಹೊಳೆ ಮಕ್ಕಳಿಗೆ ತಮ್ಮದೆನಿಸಲು ಇದಕ್ಕಿಂತ ಹತ್ತಿರದ ದಾರಿ ಕಡಿಮೆ.

ಕರ್ನಾಟಕದಲ್ಲಿ ಪರಿಸ್ಥಿತಿ ಬೇರೆ. ಕಾವೇರಿಯ ಮಹಾಶೀರ್ ಗಾಳಗಾರರ ಲೋಕದಲ್ಲಿ ಹೆಸರಾದ ಮೀನು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 120 ಪೌಂಡಿನ ಮಹಾಶೀರ್ ಹಿಡಿದದ್ದು ದಾಖಲೆಯಲ್ಲಿದೆ. ಈಗ ಡುಬ್ಬದ ಮಹಾಶೀರ್ ಅಳಿವಿನ ಅಂಚಿನಲ್ಲಿದೆ ಎಂದು 2018ರಲ್ಲಿ ಐಯುಸಿಎನ್ ಕೆಂಪುಪಟ್ಟಿಗೆ ಸೇರಿದೆ, ಅಭಯಾರಣ್ಯದೊಳಗಿನ ಗಾಳದ ಶಿಬಿರಗಳೂ ನಿಂತಿವೆ. ಅಲ್ಲಿ ಮಕ್ಕಳ ಕೈಗೆ ಗಾಳ ಕೊಡುವ ಮಾತೇ ಇಲ್ಲ. ಆದರೆ ಪಾಠದ ಮೊದಲ ಅರ್ಧಕ್ಕೆ ಯಾವ ತಡೆಯೂ ಇಲ್ಲ. ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್ ಮೂರೂ ಪಶ್ಚಿಮ ಘಟ್ಟದ ತೊರೆಗಳಲ್ಲಿವೆ. ಮಲೆನಾಡಿನ, ಕೊಡಗಿನ, ಉತ್ತರ ಕನ್ನಡದ ಶಾಲೆಗಳ ಅಧ್ಯಾಪಕರು ಮಳೆ ನಿಂತು ನೀರು ತಿಳಿಯಾದ ಮೇಲೆ, ಕಾಯ್ದಿಟ್ಟ ಕಾಡಿನ ಹೊರಗಿನ ತೊರೆಯೊಂದಕ್ಕೆ ಮಕ್ಕಳನ್ನು ಕರೆದೊಯ್ಯಲಿ. ಬಿಳಿ ಬೇಸನ್ ಇರಲಿ, ಭೂತಗನ್ನಡಿ ಇರಲಿ, ಚಿತ್ರದ ಪುಸ್ತಕ ಇರಲಿ. ಮರಳಿ ಬಂದ ಮೇಲೆ ಮೊನೆ ಕತ್ತರಿಸಿದ ಗಾಳಕ್ಕೆ ಉಣ್ಣೆ, ಕೋಳಿಗರಿ ಕಟ್ಟಿ ತಾವು ಕಂಡ ಹುಳವನ್ನು ಮಾಡಿ ನೋಡಲಿ. ನೀರಿಗಿಳಿಯುವಾಗ ನಾಲ್ಕೈದು ಮಕ್ಕಳಿಗೆ ಒಬ್ಬ ಹಿರಿಯರಾದರೂ ಜೊತೆಗಿರಬೇಕು, ಎತ್ತಿದ ಕಲ್ಲನ್ನು ಇದ್ದ ಜಾಗದಲ್ಲೇ ಇಡಿಸಬೇಕು, ಹುಳಗಳನ್ನು ಅಲ್ಲೇ ಬಿಡಿಸಬೇಕು.